ಚಳಿಯಲ್ಲಿ ದೋಣಿ: ದಪ್ಪ ಜಾಕೆಟ್ ಇದ್ರೂ ನಡುಕ ನಿಲ್ತಿಲ್ಲ, ಏನ್ಮಾಡ್ಲಿ?

ದೋಣಿಪ್ರಿಯ:
ಎಲ್ರಿಗೂ ನಮಸ್ಕಾರ. ನಾನೂ ನಮ್ಮಣ್ಣನೂ ಚಳಿಗಾಲದಲ್ಲೂ ದೋಣಿ ಇಳಿಸ್ತೀವಿ, ಹುಟ್ಟು ಹಾಕೋ ಸಣ್ಣ ದೋಣಿ, ಮೇಲೆ ಮರೆ ಅಂತ ಏನಿಲ್ಲ. ಒಳಗೆ ಕಾಟನ್ ಟೀ ಶರ್ಟು, ಮೇಲೆ ದಪ್ಪ ಜಾಕೆಟ್. ಹುಟ್ಟು ಹಾಕ್ತಿರೋವಾಗ ಬೆವರು ಬರತ್ತೆ, ಒಂಚೂರು ಸುಮ್ನೆ ಕೂತ್ರೆ ಬೆನ್ನೆಲ್ಲಾ ತಣ್ಣಗಾಗಿ ಹಲ್ಲು ಕಟಕಟ ಅನ್ನತ್ತೆ, ಬೆರಳಂತೂ ಮರಗಟ್ಟಿ ಹೋಗತ್ತೆ. ಇನ್ನೂ ದಪ್ಪ ಜಾಕೆಟ್ ತಗೋಬೇಕಾ?

ತೆರೆನೊರೆ:
ತಗೋಬೇಡಿ, ತೊಂದ್ರೆ ಇರೋದು ಒಳಗಿನ ಕಾಟನ್‌ದು. ಬೆವರು ಹೀರ್ಕೊಂಡು ಒದ್ದೆಯಾಗೇ ಮೈಗೆ ಅಂಟ್ಕೊಂಡಿರತ್ತೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಶಾಖ ಎಳ್ಕೊಳತ್ತೆ, ಇನ್ನು ಬೆನ್ನು ತಣ್ಣಗಾಗದೆ ಏನಾಗತ್ತೆ. ಮೈಗೆ ತಾಗೋದು ಉಣ್ಣೆ ಇಲ್ಲಾ ಪಾಲಿಯೆಸ್ಟರ್ ಇರ್ಲಿ, ಅದರ ಮೇಲೆ ಫ್ಲೀಸ್ (ಮೆತ್ತಗಿರೋ ಸಿಂಥೆಟಿಕ್ ಬೆಚ್ಚನೆ ಬಟ್ಟೆ), ಎಲ್ಲಕ್ಕಿಂತ ಮೇಲೆ ಗಾಳಿ ನೀರು ಎರಡನ್ನೂ ತಡೆಯೋ ತೆಳು ಜಾಕೆಟ್. ಹುಟ್ಟು ಹಿಡಿಯೋಕೆ ಮುಂಚೆನೇ ಒಂದು ಪದರ ತೆಗೆದ್ಬಿಡಿ, ನಿಲ್ಲಿಸಿದ ತಕ್ಷಣ ಹಾಕ್ಕೊಳ್ಳಿ. ಚಳಿ ಆದ್ಮೇಲೆ ಹಾಕ್ಕೊಳ್ಳೋಣ ಅಂತ ಕಾದ್ರೆ ಮತ್ತೆ ಬೆಚ್ಚಗಾಗೋಕೆ ತುಂಬಾ ಹೊತ್ತು ಹಿಡಿಯತ್ತೆ.

ಹುಟ್ಟುಗಾರ:
ಕೈಗೆ ನಿಯೋಪ್ರೀನ್ (ಫೋಮ್ ಥರದ ರಬ್ಬರ್) ಗ್ಲೌಸ್ ನೋಡಿ, ಒದ್ದೆಯಾದ್ರೂ ಪರ್ವಾಗಿಲ್ಲ. ಕಾಲಿಗೆ ಎರಡೆರಡು ಸಾಕ್ಸ್ ತುರುಕಿ ಶೂ ಬಿಗಿ ಮಾಡ್ಬೇಡಿ, ರಕ್ತ ಓಡಾಡ್ದೇ ಇದ್ರೆ ಇನ್ನೂ ಜಾಸ್ತಿ ಕೊರೆಯತ್ತೆ. ಕೂರೋ ಹಲಗೆ ಮೇಲೆ ಒಂದು ಫೋಮ್ ಹಾಕಿ. ಟೋಪಿ, ಫ್ಲಾಸ್ಕಲ್ಲಿ ಬಿಸಿಬಿಸಿ ಏನಾದ್ರೂ. ಬೆಚ್ಚಗಿರತ್ತೆ ಅಂತ ಡ್ರಿಂಕ್ಸ್ ಮಾತ್ರ ಬೇಡ್ವೇ ಬೇಡ, ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಶಾಖ ಎಲ್ಲಾ ಹೊರಗೆ ಹೋಗತ್ತೆ.

ನೀರಹಾದಿ:
ಇಬ್ರೂ ಹೇಳಿದ್ದು ಸರಿ, ಆದ್ರೆ ನೀರಿಗೆ ಬಿದ್ರೆ ಏನು ಅನ್ನೋದನ್ನ ಯಾರೂ ಕೇಳ್ಲಿಲ್ಲ, ನಂಗೆ ಅದೇ ಭಯ. ಬಿಸಿಲು ಚೆನ್ನಾಗಿದ್ರೂ ನೀರು ಕೊರೀತಾನೇ ಇರತ್ತೆ, ಬಟ್ಟೆ ಹಾಕ್ಕೋಬೇಕಾಗಿರೋದು ಆ ನೀರಿಗೆ. ಮಂಜಿನಂಥ ನೀರಿಗೆ 1-10-1 ಅಂತ ಒಂದು ಲೆಕ್ಕ ಇದೆ: ಮೊದಲ 1 ನಿಮಿಷ ಉಸಿರು ಕೈಗೆ ಸಿಗಲ್ಲ, ಏದುಸಿರಲ್ಲಿ ನೀರು ಕುಡಿದುಬಿಡ್ತೀವಿ, ಆಮೇಲೆ ಸುಮಾರು 10 ನಿಮಿಷ ಕೈಕಾಲು ಮಾತು ಕೇಳತ್ತೆ, ಮೈ ಶಾಖ ಪೂರ್ತಿ ಇಳಿದು ಪ್ರಜ್ಞೆ ತಪ್ಪೋಕೆ ಹತ್ತಿರ ಹತ್ತಿರ 1 ಗಂಟೆ. ಅಂದ್ರೆ ಜನ ಹೋಗೋದು ಎಷ್ಟೋ ಸಲ ಚಳಿಗಿಂತ ಮುಂಚೆ, ಆ ಮೊದಲ ನಿಮಿಷದಲ್ಲೇ. ಲೈಫ್ ಜಾಕೆಟ್ ದೋಣಿ ಮೂಲೇಲಿ ಇಟ್ರೆ ಸಾಲ್ದು, ಮೈಮೇಲೆ ಇರ್ಬೇಕು, ಬಕಲ್ ಹಾಕಿರ್ಬೇಕು.

ದೋಣಿಪ್ರಿಯ:
ಇದನ್ನ ಅಣ್ಣಂಗೂ ಓದಿಸ್ದೆ, ತುಂಬಾ ಥ್ಯಾಂಕ್ಸ್. ನೀರಿಗೆ ಬಿದ್ರೂ ಚಳಿ ತಡೆಯೋಕೆ ಅಂತ ಮೈತುಂಬಾ ಹಾಕೋ ಸೂಟ್‌ಗಳಲ್ಲಿ ವೆಟ್‌ಸೂಟ್ ಒಳ್ಳೇದಾ ಡ್ರೈಸೂಟ್ ಒಳ್ಳೇದಾ?

ನೀರಹಾದಿ:
ವೆಟ್‌ಸೂಟ್ ಒಳಗೆ ನೀರು ಬರತ್ತೆ, ಅದು ಮೈ ಶಾಖಕ್ಕೆ ಸ್ವಲ್ಪ ಬೆಚ್ಚಗಾಗತ್ತೆ, ಮೈಗೆ ಬಿಗಿಯಾಗಿ ಕೂತಿದ್ರೆ ಮಾತ್ರ. ಡ್ರೈಸೂಟ್ ನೀರನ್ನ ಒಳಗೇ ಬಿಡಲ್ಲ, ಆದ್ರೆ ಅದೊಂದೇ ಬೆಚ್ಚಗಿಡಲ್ಲ, ಒಳಗೆ ಫ್ಲೀಸ್ ಬೇಕೇ ಬೇಕು. ತುಂಬಾ ತಣ್ಣಗಿರೋ ನೀರಿಗೆ ನಾನಾದ್ರೆ ಡ್ರೈಸೂಟೇ ಅಂತೀನಿ. ಯಾವ್ದೇ ತಗೊಂಡ್ರೂ ಮೊದ್ಲು ದಡದ ಹತ್ರ ಸೊಂಟದ ಮಟ್ಟ ನೀರಲ್ಲಿ ಅಣ್ಣನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಇಳಿದು ನೋಡಿ, ಒಂದು ಜೊತೆ ಒಣ ಬಟ್ಟೆ ನೀರು ಹೋಗದ ಬ್ಯಾಗಲ್ಲಿ ಇಟ್ಕೊಂಡಿರಿ.