ಅಪ್‌ಡೇಟ್: ಮೀಟಿಂಗ್ ಲಿಂಕ್ ಈಗ ಆ್ಯಪ್‌ನಲ್ಲೇ ಓಪನ್ ಆಗ್ತಿದೆ

ವಿಂಡೋಸ್‌ನಲ್ಲಿ ಮೀಟಿಂಗ್ ಲಿಂಕ್ ಒತ್ತಿದ್ರೆ ಆ್ಯಪ್ ಬದ್ಲು ಬ್ರೌಸರಲ್ಲೇ ನಿಂತೋಗತ್ತೆ ಅಂತ ಕೇಳಿದ್ನಲ್ಲ, ಸರಿಹೋಯ್ತು! ನೀವು ಹೇಳ್ದಂಗೆ ಸೆಟ್ಟಿಂಗ್ಸಲ್ಲಿ ಡಿಫಾಲ್ಟ್ ಆ್ಯಪ್ಸ್‌ಗೆ ಹೋಗಿ ಲಿಂಕ್ ಟೈಪ್ ಲಿಸ್ಟ್ ನೋಡಿದ್ರೆ ಆ ಆ್ಯಪ್‌ನ ಪ್ರೋಟೋಕಾಲ್ (ಯಾವ ಥರದ ಲಿಂಕ್ ಯಾವ ಆ್ಯಪ್‌ಗೆ ಅಂತ ಗುರುತಿಸೋದು) ಹೆಸ್ರೇ ಇಲ್ಲ, ಅಂದ್ರೆ ಇನ್‌ಸ್ಟಾಲ್ ಆಗೋವಾಗ ರಿಜಿಸ್ಟ್ರಿಲಿ, ಅಂದ್ರೆ ವಿಂಡೋಸ್ ಸೆಟ್ಟಿಂಗ್ಸ್ ಎಲ್ಲ ಬರ್ದಿಡೋ ಜಾಗದಲ್ಲಿ, ಎಂಟ್ರಿನೇ ಬಿದ್ದಿಲ್ಲ. ಕೈಯಾರೆ ರಿಜಿಸ್ಟ್ರಿ ತಿದ್ದೋ ಸಾಹಸ ನಂಗ್ಯಾಕೆ ಅಂತ ಆ್ಯಪ್ ತೆಗ್ದು ಮತ್ತೆ ಹಾಕ್ದೆ, ಹೆಸ್ರು ಬಂತು.

ಆಮೇಲೂ ಕ್ರೋಮ್ ಪ್ರತಿಸಲ ‘ಓಪನ್ ಮಾಡ್ಲಾ’ ಅಂತ ಕೇಳ್ತಿತ್ತು, ಅದೇ ಪಾಪ್‌ಅಪ್‌ನಲ್ಲಿ ‘ಯಾವಾಗ್ಲೂ ಅನುಮತಿಸು’ ಅನ್ನೋ ಟಿಕ್ ಇದೆ ನೋಡಿ, ಅದನ್ನ ಹಾಕ್ದೆ. ಆ ಅನುಮತಿ ಆ ಒಂದು ಸೈಟ್‌ಗೆ ಮಾತ್ರ, ಅದೇ ಒಳ್ಳೇದು ಬಿಡಿ, ಕಂಡಕಂಡ ಸೈಟೆಲ್ಲ ನನ್ ಆ್ಯಪ್ ತೆಗೆಯೋದು ಬೇಡ.

ಟ್ಯಾಬ್ ಮಾತ್ರ ಹಿಂದೆ ಹಾಗೇ ಉಳಿಯತ್ತೆ, ಯಾಕಂದ್ರೆ ಮೊದ್ಲು ವೆಬ್ ಪೇಜೇ ಲೋಡ್ ಆಗಿ ಆಮೇಲೆ ಅದು ಆ್ಯಪನ್ನ ಕರೆಯೋದು. ಅದನ್ನ ಕ್ಲೋಸ್ ಮಾಡ್ಕೋತೀನಿ.