ಅಪ್‌ಡೇಟ್: ಸೆಸ್ನಾ ಬಿಟ್ಟೆ, ಮೆಕ್ಯಾನಿಕ್ ಸಿಕ್ಕಿದರು

ಮೊದಲ ವಿಮಾನ ಕೊಳ್ಳಬೇಕು, ಅದಕ್ಕೂ ಮೊದಲು ಅದನ್ನು ಪರೀಕ್ಷಿಸಲು ನಂಬುವಂಥ ಮೆಕ್ಯಾನಿಕ್‌ನ ಹೇಗೆ ಹುಡುಕಲಿ ಅಂತ ಹೋದ ತಿಂಗಳು ಕೇಳಿದ್ದೆ. ಇಲ್ಲಿ ಟೆಕ್ಸಾಸ್‌ನಲ್ಲಿ ನಾನು ಕಣ್ಣಿಟ್ಟಿದ್ದು 1975ರ ಸೆಸ್ನಾ 172 ಅನ್ನೋ ಸಣ್ಣ ವಿಮಾನದ ಮೇಲೆ. ಮಾರುವವರ ಮೆಕ್ಯಾನಿಕ್ ಬೇಡವೇ ಬೇಡ ಅಂದಿದ್ದಿರಿ ಅಲ್ವಾ, ಅದಕ್ಕೆ ನನಗೆ ಹಾರಾಟ ಕಲಿಸಿದವರು ತಮ್ಮ ವಿಮಾನವನ್ನು ಯಾರ ಕೈಗೆ ಕೊಡುತ್ತಾರೋ ಅವರನ್ನೇ ಹಿಡಿದೆ. ಅವರು ಮೊದಲು ಲಾಗ್‌ಬುಕ್ (ವಿಮಾನದ ರಿಪೇರಿ, ತಪಾಸಣೆಗಳ ದಾಖಲೆ) ಪೂರ್ತಿ ಓದಿದರು, ಸ್ಪ್ಯಾನರ್ ಆಮೇಲೆ. ಕಂಪ್ರೆಷನ್, ಅಂದರೆ ಸಿಲಿಂಡರ್ ಗಾಳಿಯ ಒತ್ತಡವನ್ನು ಎಷ್ಟು ಹಿಡಿದಿಡುತ್ತದೆ ಅನ್ನೋ ಪರೀಕ್ಷೆ, ನಾಲ್ಕೂ ಸಿಲಿಂಡರ್‌ನಲ್ಲಿ 80ಕ್ಕೆ 74ರ ಮೇಲೆ. ನನಗೆ ಖುಷಿ. ಆದರೆ ವಿಮಾನ ಎರಡು ವರ್ಷ ಸುಮ್ನೆ ನಿಂತಿತ್ತು. ಈ ಲೈಕಮಿಂಗ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಮೇಲ್ಗಡೆ ಇರುತ್ತದೆ, ಹಾರದೆ ನಿಂತರೆ ಆಯಿಲ್ ಕೆಳಗಿಳಿದು ತುಕ್ಕು ಹಿಡಿಯುತ್ತದೆ, ಅದು ಕಂಪ್ರೆಷನ್‌ನಲ್ಲಿ ಗೊತ್ತಾಗುವುದಿಲ್ಲ ಅಂದರು. ಮಾರುವವರನ್ನು ಒಪ್ಪಿಸಿ ಒಂದು ಸಿಲಿಂಡರ್ ಬಿಚ್ಚಿದರೆ ಕ್ಯಾಮ್ ಮೇಲೆಲ್ಲ ತುಕ್ಕಿನ ಗುಳಿ. ಬಿಟ್ಟುಬಿಟ್ಟೆ. ತುಂಬಾ ಬೇಜಾರಾಯಿತು, ನಿಜ. ಮುಂದಿನ ವಾರ ಇನ್ನೊಂದು ವಿಮಾನ ನೋಡಲು ಅವರೇ ಜೊತೆಗೆ ಬರುತ್ತಿದ್ದಾರೆ.