ಮ್ಯೂಸಿಯಂ, ಕಸುಬುದಾರರು, ವಿಜ್ಞಾನದ ಮೇಷ್ಟ್ರು: ಒಟ್ಟಿಗೆ ಕೆಲಸ ಮಾಡಿದವರು ಅನುಭವ ಹೇಳ್ತೀರಾ?

ಕೇಳಿದವರು:
ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಹಳೇ ತೊಟ್ಟಿಮನೆಯೊಂದರಲ್ಲಿ ಪುಟ್ಟ ಮ್ಯೂಸಿಯಂ ಇದೆ, ನಾವು ಆರು ಜನ ಸೇರಿ ನಡೆಸುತ್ತಿದ್ದೇವೆ. ಒನಕೆ, ಕೊಳಗ, ಸೇರು, ಒಂದಷ್ಟು ತೊಗಲುಗೊಂಬೆ, ಎರಡು ಬಿದರಿ ಹೂಜಿ, ಕಸೂತಿ ಹಾಕಿದ ಇಳಕಲ್ ಸೀರೆಗಳು ಇವೆ. ಶಾಲೆ ಮಕ್ಕಳು ಬರ್ತಾರೆ, ಸಾಲಾಗಿ ನಡೆದು ಹತ್ತು ನಿಮಿಷದಲ್ಲಿ ಹೋಗಿಬಿಡ್ತಾರೆ. ಈ ವಸ್ತುಗಳನ್ನು ಮಾಡುವ ಮನೆಯವರು, ಮಹಿಳಾ ಸಂಘದವರು, ವಿಜ್ಞಾನದ ಮೇಷ್ಟ್ರುಗಳು ಎಲ್ಲರನ್ನೂ ಸೇರಿಸಿ ಕಲೆ ಮತ್ತು ವಿಜ್ಞಾನ ಎರಡೂ ಇರುವ ಕಾರ್ಯಕ್ರಮ ಮಾಡುವ ಆಸೆ. ಎಲ್ಲಿಂದ ಶುರು ಮಾಡೋದು? ಎಲ್ಲಿ ತಪ್ಪಾಗುತ್ತೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬೀದರ್‌ನಿಂದ, ನಿವೃತ್ತ ಮೇಷ್ಟ್ರು:
ಮೇಡಂ, ನಾನು ಹೈಸ್ಕೂಲಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನು. ಬಿದರಿ ಕೆಲಸದವರ ಜೊತೆ ಇಂಥದ್ದೇ ಕಾರ್ಯಕ್ರಮ ನಾಲ್ಕೈದು ಸಲ ಮಾಡಿದ್ದೇನೆ. ಮೊದಲನೇ ಸಲ ಕೆಡಿಸಿದ್ದು ನಾನೇ. ಮೈಕ್ ಹಿಡಿದು ಮುಕ್ಕಾಲು ಗಂಟೆ ಬೋರ್ಡ್ ಮೇಲೆ ಸಮೀಕರಣ ಬರೆದೆ, ಕುಸುರಿ ಕೆಲಸದ ಹಿರಿಯರು ಮೂಲೆಯಲ್ಲಿ ಉಳಿ ಹಿಡಿದು ಸುಮ್ನೆ ಕೂತಿದ್ದರು, ಮಕ್ಕಳು ಆಕಳಿಸುತ್ತಿದ್ದರು. ಎರಡನೇ ಸಲ ತಿರುಗಾಮುರುಗಾ ಮಾಡಿದೆವು. ಮೊದಲು ಅವರು ಮಾಡಿ ತೋರಿಸಲಿ, ಮಕ್ಕಳು ಪ್ರಶ್ನೆ ಕೇಳಿದ ಮೇಲೆ ಮಾತ್ರ ನಾನು ಬಾಯಿ ಬಿಡೋದು ಅಂತ.

ಬಿದರಿ ಲೋಹದಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಸುಮಾರು 16 ಪಾಲಿಗೆ 1 ಪಾಲು. ಎರಕ ಹೊಯ್ದು, ಅರ ಹಾಕಿ ನಯ ಮಾಡಿದ ಮೇಲೆ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಸವರ್ತಾರೆ, ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತೆ, ಆಗ ಮೊನೆಯಿಂದ ಗೀರಿದ ಗೆರೆ ಬೆಳ್ಳಗೆ ಎದ್ದು ಕಾಣುತ್ತೆ. ಉಳಿಯಲ್ಲಿ ಕೊರೆದು ಬೆಳ್ಳಿ ತಂತಿ ಕೂರಿಸಿ, ಮತ್ತೆ ಉಜ್ಜಿದರೆ ಎಲ್ಲಾ ಒಂದೇ ಬಣ್ಣ, ಬೆಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ, ಸ್ವಲ್ಪ ಬಿಸಿ ಮಾಡಿದ ಹೂಜಿಗೆ ತಿಕ್ಕಿದರು. ನಮ್ಮ ಕಣ್ಣೆದುರೇ ಮೈಯೆಲ್ಲಾ ಕಾಡಿಗೆ ಹಾಗೆ ಕಪ್ಪಾಯಿತು, ಬೆಳ್ಳಿ ಬಳ್ಳಿ ಮಾತ್ರ ಹೊಳೆಯುತ್ತಾ ಉಳಿಯಿತು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ "ಬೆಳ್ಳಿ ಯಾಕೆ ಕಪ್ಪಾಗಲಿಲ್ಲ ಸರ್?" ಅಂದಳು. ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಲೋಹಗಳ ಚುರುಕುತನದ ಪಾಠಕ್ಕೆ ಇಷ್ಟು ಒಳ್ಳೇ ಪ್ರಶ್ನೆ ಕ್ಲಾಸಿನಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಆ ಮಣ್ಣು ಕೋಟೆಯೊಳಗೆ ಮಳೆ ಬಿಸಿಲು ತಾಗದ ಜಾಗದ್ದು. ಹಿರಿಯರು ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟು ಸರಿಯಿದೆಯೋ ಇಲ್ಲವೋ ಹೇಳ್ತಾರೆ. ಮಕ್ಕಳು ನಾವೂ ನೋಡ್ತೀವಿ ಅಂತಾರೆ, ಬಿಡಬೇಡಿ. ಅದರ ಬದಲು ಶಾಲೆ ಅಂಗಳದ ಮಣ್ಣು, ಕೆರೆ ಮಣ್ಣು, ಕೋಟೆ ಮಣ್ಣು ಮೂರನ್ನೂ ಬೇರೆ ಬೇರೆ ತುಂಡಿಗೆ ತಿಕ್ಕಿಸಿ ಹೋಲಿಸಿ ನೋಡಲಿ.

ಇನ್ನೊಂದು ಮಾತು. ಅವರು ಒಂದು ದಿನದ ಕೆಲಸ ಬಿಟ್ಟು ಬರ್ತಾರೆ. ಒಂದು ಕಡೆ ಗೌರವಧನದ ಚೆಕ್ ಮೂರು ತಿಂಗಳಾದ ಮೇಲೆ ಬಂತು. ಅಷ್ಟರಲ್ಲಿ ಅವರಿಗೂ ನಮಗೂ ಮಾತು ತಪ್ಪಿಹೋಗಿತ್ತು, ಮುಂದಿನ ಸಲ ಕರೆದರೆ ಬರಲಿಲ್ಲ. ಅವತ್ತಿನ ದುಡ್ಡು ಅವತ್ತೇ ಸಂಜೆ ಕೈಗೆ ಕೊಡಿ. ಜೊತೆಗೆ ಬಂದ ಹುಡುಗನದ್ದೂ, ಬಸ್ ಚಾರ್ಜೂ ಸೇರಿಸಿ.

ಕೊಪ್ಪಳ ಕಡೆಯ ಶಾಲಾ ಶಿಕ್ಷಕಿ:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. 2025ರಲ್ಲಿ ತೊಗಲುಗೊಂಬೆ ಆಡಿಸುವ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಮಕ್ಕಳಿಗೆ ತೊಗಲುಗೊಂಬೆ ಬಗ್ಗೆ ಕುತೂಹಲ ಹುಟ್ಟಿತು, ಪಕ್ಕದೂರಿನ ಒಂದು ಮೇಳದ ಮನೆಯವರನ್ನು ಕರೆಸಿದೆವು. ನೆರಳು ಅಂದರೆ ಕಪ್ಪು ಅಂತ ಪುಸ್ತಕದಲ್ಲಿ ಓದಿದ್ದ ಮಕ್ಕಳು ಪರದೆ ಮೇಲೆ ಕೆಂಪು ನೆರಳು, ಹಸಿರು ನೆರಳು ನೋಡಿ ದಂಗಾದರು. ತೊಗಲನ್ನು ಬೆಳಕು ಹಾಯುವಷ್ಟು ಹದ ಮಾಡಿರ್ತಾರೆ, ಅದಕ್ಕೆ. ಒಡವೆ ಇರುವ ಜಾಗದಲ್ಲಿ ಸಣ್ಣ ಸಣ್ಣ ತೂತು, ಅಲ್ಲಿ ಬೆಳಕು ಬಿಳಿ ಚುಕ್ಕಿಯಾಗಿ ಬೀಳುತ್ತೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಹುಬ್ಬಿನ ಗೆರೆ ತನಕ ಸ್ಪಷ್ಟ, ಎರಡು ಗೇಣು ದೀಪದ ಕಡೆ ತಂದರೆ ದೊಡ್ಡದಾಗಿ ಅಂಚು ಮಸುಕು. ಮಕ್ಕಳೇ ಸ್ಕೇಲ್ ಹಿಡಿದು ಅಳೆದು ಬರೆದುಕೊಂಡರು.

ಆಮೇಲೆ ಆ ಮೇಳದ ಅಜ್ಜನವರನ್ನು ಒಂದು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆವು. ಗೋಡೆ ಮೇಲಿನ ಗೊಂಬೆಗಳನ್ನು ನೋಡಿ ಅವರು ಬಹಳ ಹೊತ್ತು ಮಾತಾಡಲಿಲ್ಲ. "ರಾಮನನ್ನೂ ರಾವಣನನ್ನೂ ಒಂದೇ ಗಂಟಲ್ಲಿ ಕಟ್ಟಲ್ಲ ನಾವು, ಇಲ್ಲಿ ಒಂದೇ ಮೊಳೆಗೆ ತೂಗುಹಾಕಿದ್ದಾರಲ್ಲ" ಅಂದರು. ಅವರ ಮನೆಯಲ್ಲಿ ತೀರಾ ಹಳೇದಾದ ಗೊಂಬೆಯನ್ನು ಪೂಜೆ ಮಾಡಿ ಹೊಳೆಗೆ ಬಿಡ್ತಾರಂತೆ. ನಮಗೆ ಇದೇನೂ ಗೊತ್ತಿರಲಿಲ್ಲ, ಯಾರೂ ಅವರನ್ನು ಕೇಳಿರಲೂ ಇಲ್ಲ. ನಿಮ್ಮ ಹತ್ತಿರ ಗೊಂಬೆ ಇವೆ ಅಂದಿರಲ್ಲ, ಮೊದಲು ಆ ಮನೆತನದವರನ್ನು ಕರೆದು ತೋರಿಸಿ, ಹೇಗೆ ಇಡಬೇಕು ಕೇಳಿ.

ಬೆಳಕಿನ ವಿಷಯದಲ್ಲಿ ಒಂದು ಒಳ್ಳೇ ಚಟುವಟಿಕೆ ಇದೆ. ಬಣ್ಣದ ತೊಗಲು, ಬಟ್ಟೆ, ಕಾಗದದ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು ಅನ್ನೋದು ಮ್ಯೂಸಿಯಂಗಳು ಇಟ್ಟುಕೊಂಡಿರುವ ಲೆಕ್ಕ, ಇಲ್ಲದಿದ್ದರೆ ಬಣ್ಣ ಮಾಸುತ್ತೆ. ಮೊಬೈಲ್‌ನ ಆ್ಯಪ್‌ನಲ್ಲಿ ಅಂದಾಜು ಅಳೆಯಬಹುದು. ನಮ್ಮ ಮಕ್ಕಳು ಆ ಸಂಗ್ರಹಾಲಯದ ಕಿಟಕಿ ಪಕ್ಕ ಅಳೆದರೆ ಸಾವಿರ ದಾಟಿತು. ಅವತ್ತೇ ಸಂಗ್ರಹಾಲಯದವರು ಅಲ್ಲಿಗೆ ಪರದೆ ಹಾಕಿಸಿದರು. ಹಳೇ ಗೊಂಬೆಗಳು ಈಗ ಕತ್ತಲ ಪೆಟ್ಟಿಗೆಯಲ್ಲಿವೆ. ಮಕ್ಕಳು ಕೈಯಲ್ಲಿ ಹಿಡಿದು ಆಡಿಸೋಕೆ ಅದೇ ಮನೆಯವರಿಗೆ ದುಡ್ಡು ಕೊಟ್ಟು ಹೊಸ ಗೊಂಬೆ ಮಾಡಿಸಿದರು.

ಧಾರವಾಡದಿಂದ, ಕಸೂತಿ ಸಂಘದವರು:
ಅಕ್ಕಾ, ನಮ್ಮದು ಹನ್ನೊಂದು ಹೆಣ್ಣುಮಕ್ಕಳ ಸಂಘ. ಗವಂತಿ, ಮುರ್ಗಿ, ನೇಗಿ, ಮೆಂತೆ, ನಾಲ್ಕೂ ಹೊಲಿಗೆ ಹಾಕುತ್ತೇವೆ. ನಮ್ಮದು ಬರೀ ಕೈಕೆಲಸ ಅಂತ ತಿಳಿದಿದ್ದೆವು, ಗಣಿತದ ಮೇಷ್ಟ್ರು ಬಂದು ಕೂತು ನೋಡುವ ತನಕ. ಗವಂತಿಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹೋಗುತ್ತೆ, ವಾಪಸ್ ಬರುವಾಗ ಬಿಟ್ಟ ಮನೆ ತುಂಬುತ್ತೆ. ಗಂಟು ಹಾಕುವಂತಿಲ್ಲ, ಹಿಂದೂ ಮುಂದೂ ಒಂದೇ ತರ ಕಾಣಬೇಕು. ಎಳೆ ಎಣಿಸೋದರಲ್ಲಿ ಒಂದು ತಪ್ಪಿದರೆ ಗೋಪುರ ಓರೆಯಾಗುತ್ತೆ, ಬಿಚ್ಚಲೇಬೇಕು. ಪ್ರತಿ ಗೆರೆ ಮೇಲೂ ದಾರ ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ ಓಡುತ್ತೆ, ಅದಕ್ಕೇ ಗೆರೆಗಳೆಲ್ಲಾ ಕೂಡಿಕೊಂಡಿದ್ದರೆ ಶುರು ಮಾಡಿದ ಜಾಗಕ್ಕೇ ಬಂದು ಮುಟ್ಟಬಹುದು ಅಂತ ಮೇಷ್ಟ್ರು ಚೌಕುಳಿ ಹಾಳೆ ಮೇಲೆ ಪೆನ್ಸಿಲ್ ಎತ್ತದೆ ಬರೆದು ತೋರಿಸಿದರು. ನಮ್ಮ ಹಿರಿಯಕ್ಕ "ಇದು ನನಗೆ ಹನ್ನೆರಡು ವರ್ಷದವಳಿದ್ದಾಗಲೇ ಗೊತ್ತು" ಅಂದರು. ಅವತ್ತಿನಿಂದ ಮಕ್ಕಳು ಅವರನ್ನೂ ಟೀಚರ್ ಅಂತಲೇ ಕರೀತಾರೆ. ನನಗೆ ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಆದರೆ ನೋವೂ ಆಗಿದೆ. ಒಂದು ಕಾರ್ಯಕ್ರಮದಲ್ಲಿ ಯಾರೋ ತೆಗೆದ ಫೋಟೋದಿಂದ ನಮ್ಮ ತುಳಸಿಕಟ್ಟೆ ವಿನ್ಯಾಸ ಒಂದು ಅಂಗಡಿಯ ಬ್ಯಾಗ್ ಮೇಲೆ ಅಚ್ಚಾಗಿ ಮಾರಾಟಕ್ಕೆ ಬಂತು. ನಮ್ಮನ್ನು ಕೇಳಲಿಲ್ಲ. ಈಗ ಒಂದು ಪುಟದ ಕರಾರು ಕನ್ನಡದಲ್ಲೇ ಬರೆದು, ಓದಿ ಹೇಳಿ, ಆಮೇಲೆ ಸಹಿ. ಫೋಟೋ ಯಾರು ತೆಗೀಬಹುದು, ಎಲ್ಲಿ ಹಾಕಬಹುದು, ಹೆಸರು ಹೇಗೆ ಬರೀಬೇಕು, ಎಲ್ಲಾ ಅದರಲ್ಲಿರುತ್ತೆ. ನೀವೂ ಹಾಗೇ ಮಾಡಿ.

ನ್ಯೂಜಿಲೆಂಡ್‌ನ ವೆಲ್ಲಿಂಗ್ಟನ್‌ನಿಂದ:
ಇಲ್ಲಿನ ಟೆ ಪಾಪಾ ಮ್ಯೂಸಿಯಂ 1998ರಲ್ಲಿ ಶುರುವಾಯಿತು. ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ವಸ್ತುಗಳನ್ನು ಹೇಗೆ ಇಡಬೇಕು, ಹೇಗೆ ತೋರಿಸಬೇಕು ಅನ್ನೋದರಲ್ಲಿ ಆ ಕುಲದವರ ಮಾತು ನಡೆಯುತ್ತೆ. ಸರದಿ ಮೇಲೆ ಒಂದೊಂದು ಕುಲಕ್ಕೆ ಪ್ರದರ್ಶನ ಒಪ್ಪಿಸ್ತಾರೆ, ಅವರ ಹಿರಿಯರು ಅಷ್ಟೂ ಕಾಲ ಮ್ಯೂಸಿಯಂನಲ್ಲೇ ಜವಾಬ್ದಾರಿ ಹೊತ್ತು ಇರ್ತಾರೆ. ನಿಮ್ಮಲ್ಲಿ ಒಂದು ಕೋಣೆಯನ್ನು ಆರು ತಿಂಗಳು ಒಂದು ಸಂಘದ ಕೈಗೆ ಕೊಟ್ಟು ನೋಡಬಹುದು, ಅಲ್ವಾ?

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಳೆಯೇ ಗೊಂಬೆ ಮನೆಯವರ ಹತ್ತಿರ ಹೋಗ್ತೇವೆ. ಕರಾರಿನ ನಕಲು ಒಂದು ಕಳಿಸ್ತೀರಾ ಅಕ್ಕಾ? ಮೇಷ್ಟ್ರೇ, ನವಸಾಗರ ಬಿಸಿ ಮಾಡೋದು ಮಕ್ಕಳಿಗೆ ತೊಂದರೆ ಆಗಲ್ವಾ?

ಬೀದರ್ ಮೇಷ್ಟ್ರು:
ಹೊಗೆ ಕಣ್ಣು ಗಂಟಲು ಉರಿಸುತ್ತೆ, ಕೋಣೆಯೊಳಗೆ ಬೇಡವೇ ಬೇಡ. ನಿಮ್ಮದು ತೊಟ್ಟಿಮನೆ ಅಂದಿರಿ, ಮೇಲೆ ಆಕಾಶ ತೆರೆದೇ ಇರುತ್ತಲ್ಲ. ತೊಟ್ಟಿ ನಡುವೆ ಒಲೆ ಇಡಿ, ಮಕ್ಕಳನ್ನು ಸುತ್ತ ಜಗುಲಿ ಮೇಲೆ ಕೂರಿಸಿ.